ಹವಳಕ್ಕೆ ಹುಳು ಬಿದ್ದಾಗ

ನೀರಿನ ಲೆಕ್ಕವೆಲ್ಲ ಸರಿಯಿದೆ. ಲವಣಾಂಶ ಸಾವಿರಕ್ಕೆ 35, ಉಷ್ಣತೆ 26 ಡಿಗ್ರಿ, ಕ್ಷಾರೀಯತೆ 8 ಡಿಕೆಎಚ್ ಆಸುಪಾಸು. ಆದರೂ ಮೊನ್ನೆಮೊನ್ನೆಯವರೆಗೆ ನೀಲಿ ತುದಿ ಹೊತ್ತು ಮಿರುಗುತ್ತಿದ್ದ ಆಕ್ರೊಪೊರಾ ಹವಳ ದಿನೇದಿನೇ ಬಿಳಚಿಕೊಳ್ಳುತ್ತಿದೆ. ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರು ಇಂಥ ಹೊತ್ತಿನಲ್ಲಿ ಮಾಡುವ ಮೊದಲ ಕೆಲಸವೆಂದರೆ ನೀರಿನ ಮೇಲೆ ಕೈಮಾಡುವುದು. ಒಂದಿಷ್ಟು ಬಫರ್ ಸುರಿಯುತ್ತಾರೆ, ಲೈಟು ತಗ್ಗಿಸುತ್ತಾರೆ, ಸಮಾಧಾನವಾಗದೆ ಮತ್ತೆ ಏರಿಸುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಹವಳವೂ ಹೋಗಿರುತ್ತದೆ, ನೀರಿನ ಹದವೂ ತಪ್ಪಿರುತ್ತದೆ.

ಪರೀಕ್ಷೆಯ ಕಿಟ್ ಪಕ್ಕಕ್ಕಿಡಿ. ಒಂದು ಭೂತಗನ್ನಡಿ, ಒಂದು ಟಾರ್ಚು ಹಿಡಿದು ಟ್ಯಾಂಕಿನ ಮುಂದೆ ಕುಳಿತುಕೊಳ್ಳಿ. ಒಂದೇ ಜಾತಿಯ ಹವಳ ಸೊರಗಿ ಅಕ್ಕಪಕ್ಕದ ಬೇರೆ ಜಾತಿಗಳು ಗಟ್ಟಿಮುಟ್ಟಾಗಿದ್ದರೆ, ಸಮಸ್ಯೆ ನೀರಿನದ್ದಲ್ಲ ಎಂದು ಅರ್ಧ ತೀರ್ಮಾನಕ್ಕೆ ಬರಬಹುದು. ನೀರು ಕೆಟ್ಟರೆ ಬಹುತೇಕ ಎಲ್ಲವೂ ನರಳುತ್ತವೆ. ಹವಳ ತಿನ್ನುವ ಹುಳುಗಳು ಹಾಗಲ್ಲ, ಅವಕ್ಕೆ ನಾಲಿಗೆ ಚಪಲ ಜಾಸ್ತಿ. ಆಕ್ರೊಪೊರಾ ತಿನ್ನುವುದು ಮೊಂಟಿಪೊರಾವನ್ನು ಮೂಸಿಯೂ ನೋಡುವುದಿಲ್ಲ, ಮೊಂಟಿಪೊರಾ ತಿನ್ನುವುದಕ್ಕೆ ಹವಳದ ಬಂಧುವಾದ ಝೋವಾಂಥಿಡ್ ಬೇಡ.

ಹವಳದ ಕೊಂಬೆಯೊಂದನ್ನು ಮುರಿದು ಪುಟ್ಟ ಬಿಲ್ಲೆಗೆ ಅಂಟಿಸಿದರೆ ಅದು ಹೊಸ ಹವಳವಾಗಿ ಬೆಳೆಯುತ್ತದೆ. ಹವ್ಯಾಸಿಗಳು ಫ್ರ್ಯಾಗ್ ಎನ್ನುವುದು ಇದನ್ನೇ. ಫ್ರ್ಯಾಗುಗಳು ಕೈಯಿಂದ ಕೈಗೆ, ಊರಿಂದ ಊರಿಗೆ ದಾಟುವಾಗ ಅವುಗಳ ಬುಡದಲ್ಲಿ ಅಂಟಿಕೊಂಡವೂ ದಾಟುತ್ತವೆ. ಆಕ್ರೊಪೊರಾ ತಿನ್ನುವ ಚಪ್ಪಟೆ ಹುಳುವಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 2011ರಲ್ಲಿ, ಅದೂ ಅಕ್ವೇರಿಯಂಗಳಲ್ಲಿ ಸಿಕ್ಕ ಮಾದರಿಗಳನ್ನು ನೋಡಿ. ಸಮುದ್ರದಲ್ಲೂ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ, ಅದು ಇದೆಯೆಂದು ವರದಿಯಾದದ್ದು ಮರುವರ್ಷ. ಸಮುದ್ರದಲ್ಲಿ ಅದನ್ನು ಹೆಕ್ಕಿ ತಿನ್ನುವ ಮೀನುಗಳಿವೆ, ಹವಳದಿಂದ ಹವಳಕ್ಕೆ ದಾರಿ ದೂರವಿದೆ. ನಿಮ್ಮ ಟ್ಯಾಂಕಿನಲ್ಲಿ ಮೀನು ನಾಲ್ಕೇ ನಾಲ್ಕು, ಮುಂದಿನ ಊಟ ಒಂದು ಗೇಣಿನಾಚೆ.

ಡಿಪ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಹವಳವನ್ನು ಔಷಧಿ ಬೆರೆಸಿದ ಉಪ್ಪುನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುವುದಕ್ಕೆ ಡಿಪ್ ಎನ್ನುತ್ತಾರೆ. ಚಪ್ಪಟೆ ಹುಳು, ಕಡಲ ಬಸವನಹುಳು ಇವೆಲ್ಲ ಮೃದು ಮೈಯವು. ಔಷಧಿ ನೇರವಾಗಿ ಚರ್ಮಕ್ಕೆ ತಾಗಿ ಅವು ಹಿಡಿತ ಬಿಡುತ್ತವೆ, ಉದುರುತ್ತವೆ, ಸಾಯುತ್ತವೆ. ಹವಳಕ್ಕೆ ಲೋಳೆಯ ಹೊದಿಕೆ ಇರುವುದರಿಂದ ಅಷ್ಟು ಹೊತ್ತು ತಾಳಿಕೊಳ್ಳುತ್ತದೆ. ಇವೆರಡರ ತಾಳಿಕೆಯ ನಡುವಿನ ಅಂತರದಲ್ಲೇ ಡಿಪ್ ಕೆಲಸ ಮಾಡುತ್ತದೆ. ಹೀಗಾಗಿ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಗುಣವೂ ದುಪ್ಪಟ್ಟಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹುಳುವಿನ ಜೊತೆ ಹವಳವೂ ಸಾಯುತ್ತದೆ.

ಇನ್ನು ಮೊಟ್ಟೆ. ಅದರ ಮೇಲೆ ಗಟ್ಟಿ ಕವಚವಿದೆ. ಅಂಗಡಿಯಲ್ಲಿ ಸಿಗುವ ಯಾವ ಡಿಪ್ಪೂ ಅದನ್ನು ಖಚಿತವಾಗಿ ಕೊಲ್ಲುವುದಿಲ್ಲ. ‘ನಾನು ಡಿಪ್ ಮಾಡಿಯೇ ಹಾಕಿದ್ದೆ, ಆದರೂ ಬಂತು’ ಎಂದು ಹೇಳುವವರ ಕಥೆ ಬಹುಪಾಲು ಇದೇ. ದೊಡ್ಡವು ಸತ್ತವು, ಮೊಟ್ಟೆ ಟ್ಯಾಂಕಿಗೆ ಹೋಯಿತು.

ಹಾಗಾಗಿ ನಿಜವಾದ ಚಿಕಿತ್ಸೆ ಬಾಟಲಿಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ನೀರು 27 ಡಿಗ್ರಿ ಇದ್ದಾಗ ಆಕ್ರೊಪೊರಾ ಹುಳುವಿನ ಮೊಟ್ಟೆ ಒಡೆಯಲು ಸುಮಾರು ಒಂದೂವರೆ ವಾರ ಬೇಕು. ಮರಿ ಬೆಳೆದು ತಾನೇ ಮೊಟ್ಟೆಯಿಡಲು ಮತ್ತೆ ಕನಿಷ್ಠ ಮೂರುನಾಲ್ಕು ವಾರ. ನೀರು ತಣ್ಣಗಿದ್ದಷ್ಟೂ ಈ ಅವಧಿ ಉದ್ದವಾಗುತ್ತದೆ. ನೀವು ಮಾಡಬೇಕಾದದ್ದು ಇಷ್ಟೆ: ಮರಿಗಳು ಹೊರಬಂದ ಮೇಲೆ, ಆದರೆ ಅವು ಮೊಟ್ಟೆಯಿಡುವ ಮೊದಲು, ಮತ್ತೊಮ್ಮೆ ಡಿಪ್ ಬೀಳಬೇಕು. ಎಲ್ಲ ಮೊಟ್ಟೆಗಳೂ ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ಆರು ವಾರ ಅದ್ದುವುದು ಸುರಕ್ಷಿತ ಲೆಕ್ಕ.

ಯಾರ ಕೈವಾಡ?

ಆಕ್ರೊಪೊರಾ ಚಪ್ಪಟೆ ಹುಳುವನ್ನು ಕಣ್ಣಾರೆ ಕಂಡವರು ಕಡಿಮೆ. ಮೈ ಅರೆಪಾರದರ್ಶಕ, ತಿಂದ ಹವಳದ ಬಣ್ಣವೇ ಹೊಟ್ಟೆಯಲ್ಲಿ ಕಾಣುವುದರಿಂದ ಕೊಂಬೆಗೆ ಅಂಟಿಕೊಂಡಾಗ ಹುಳು ಎಲ್ಲಿ, ಹವಳ ಎಲ್ಲಿ ಎಂದು ಗೊತ್ತಾಗುವುದಿಲ್ಲ. ಕಾಣುವುದು ಅದರ ಊಟದ ಗುರುತು: ಕೊಂಬೆಯ ಮೇಲೆ, ಹೆಚ್ಚಾಗಿ ನೆರಳಿರುವ ಬದಿಯಲ್ಲಿ, ಸಾಸಿವೆ ಕಾಳಿನ ಗಾತ್ರದ ದುಂಡನೆಯ ಮಸುಕು ಚುಕ್ಕೆಗಳು. ಮೊಟ್ಟೆಗಳನ್ನು ಹುಡುಕಬೇಕಾದ ಜಾಗ ಬೇರೆ. ಜೀವಂತ ಚರ್ಮದ ಮೇಲೆ ಅದು ಮೊಟ್ಟೆ ಇಡುವುದಿಲ್ಲ. ಚರ್ಮ ಹೋಗಿ ಬೋಳಾದ ಬುಡದಲ್ಲಿ, ಕೊಂಬೆ ಬಿಲ್ಲೆಗೆ ಸೇರುವ ಸಂದಿನಲ್ಲಿ, ಹೊಂಬಣ್ಣದಿಂದ ಕಂದುಬಣ್ಣದವರೆಗಿನ ಪುಟ್ಟ ಚುಕ್ಕೆಗಳ ತೇಪೆಯಾಗಿ ಅಂಟಿಸಿರುತ್ತದೆ. ಅನುಮಾನವಿದ್ದರೆ ಅಡುಗೆಮನೆಯ ಬೇಸ್ಟರ್ ಎಂಬ ಪಿಚಕಾರಿ ತೆಗೆದುಕೊಂಡು ಕೊಂಬೆಯ ಮೇಲೆ ರಭಸವಾಗಿ ನೀರು ಊದಿ. ಹುಳುವಿದ್ದರೆ ಎಲೆಯಂತೆ ತಿರುಗುತ್ತ ಬೀಳುತ್ತದೆ.

ಮೊಂಟಿಪೊರಾ ತಿನ್ನುವುದು ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು. ಬೆಳ್ಳಗೆ, ಬೆನ್ನ ಮೇಲೆ ಕುಚ್ಚು, ಉದ್ದ ಕೆಲವೇ ಮಿಲಿಮೀಟರ್. ಇದನ್ನೂ ವಿಜ್ಞಾನಿಗಳು ವಿವರಿಸಿದ್ದು ಅಕ್ವೇರಿಯಂ ವ್ಯಾಪಾರದ ಪೀಡೆಯಾಗಿಯೇ, 2020ರಲ್ಲಿ. ತಟ್ಟೆಯಂತೆ ಹರಡುವ ಮೊಂಟಿಪೊರಾದ ಅಂಚು ಬೆಳ್ಳಗಾಗಿ ಒಳಮುಖವಾಗಿ ಹಿಂಜರಿಯುತ್ತಿದ್ದರೆ ತಟ್ಟೆಯನ್ನು ಮಗುಚಿ ನೋಡಿ. ಕಳ್ಳನೂ ಮೊಟ್ಟೆಯೂ ಎರಡೂ ಅಡಿಯಲ್ಲಿರುತ್ತವೆ.

ಝೋವಾಂಥಿಡ್ ತಿನ್ನುವ ನ್ಯೂಡಿಬ್ರಾಂಕ್ ಇನ್ನೂ ಚಾಲಾಕಿ. ತಿಂದ ಝೋವಾಂಥಿಡ್ಡಿನ ಬಣ್ಣವನ್ನೇ ಮೈಗೆ ಬಳಿದುಕೊಂಡು, ಮುಚ್ಚಿದ ಮೊಗ್ಗಿನ ಹಾಗೆ ಸಾಲಿನಲ್ಲಿ ಕುಳಿತಿರುತ್ತದೆ. ಒಂದು ಗುಂಪು ಝೋವಾಂಥಿಡ್ ಹಗಲಿಡೀ ಅರಳದೆ ಮುಚ್ಚಿಕೊಂಡೇ ಇದ್ದರೆ ಗಮನಿಸಿ. ಸುರುಳಿಯಾಕಾರದ ಮೊಟ್ಟೆಪಟ್ಟಿ ಕಾಂಡದ ಬುಡದಲ್ಲಿ ಸಿಕ್ಕರೆ ಅನುಮಾನಕ್ಕೆ ಎಡೆಯಿಲ್ಲ.

ಕೆಂಪು ಬಗ್ ಎಂದು ಹವ್ಯಾಸಿಗಳು ಕರೆಯುವುದು ಅರ್ಧ ಮಿಲಿಮೀಟರಿನ ಹಳದಿ ಜೀವಿ, ಮೈಮೇಲೊಂದು ಕೆಂಪು ಚುಕ್ಕೆ. ಇದು ಹುಳುವಲ್ಲ, ಸೀಗಡಿಯ ದೂರದ ಬಂಧು. ನಾಯಿಗಳಿಗೆ ಕೊಡುವ ಮಿಲ್ಬೆಮೈಸಿನ್ ಎಂಬ ಔಷಧಿಗೆ ಇದು ಸಾಯುತ್ತದೆ. ಅದೇ ಔಷಧಿ ಟ್ಯಾಂಕಿನ ಸೀಗಡಿ, ಏಡಿಗಳನ್ನೂ ಕೊಲ್ಲುತ್ತದೆ. ಹವಳವನ್ನು ಹೊರಗೆ ತೆಗೆದು ಬೇರೆ ಪಾತ್ರೆಯಲ್ಲಿ, ಪಶುವೈದ್ಯರ ಸಲಹೆ ಪಡೆದೇ ಮಾಡಬೇಕಾದ ಕೆಲಸವಿದು.

ಅದ್ದುವ ಕ್ರಮ

1. ಬಿಳಿ ಬಣ್ಣದ ಮೂರು ಪಾತ್ರೆ ತೆಗೆದುಕೊಳ್ಳಿ. ಒಂದು ಔಷಧಿಗೆ, ಎರಡು ತೊಳೆಯುವುದಕ್ಕೆ. ಮೂರಕ್ಕೂ ಟ್ಯಾಂಕಿನದೇ ನೀರು. ಹೊಸದಾಗಿ ಕಲಸಿದ ಉಪ್ಪುನೀರು ಬಳಸಿದರೆ ಹವಳಕ್ಕೆ ಔಷಧಿಯ ಪೆಟ್ಟಿನ ಜೊತೆ ನೀರು ಬದಲಾದ ಪೆಟ್ಟೂ ಬೀಳುತ್ತದೆ. ಬಿಳಿ ಪಾತ್ರೆಯೇ ಏಕೆಂದರೆ ಉದುರಿದ್ದು ಕಾಣಬೇಕು.

2. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಇದು ಶಿಷ್ಟಾಚಾರದ ಮಾತಲ್ಲ. ಝೋವಾಂಥಿಡ್ ಮತ್ತು ಪ್ಯಾಲಿಥೋವಾ ಗುಂಪಿನ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಕೈಯ ಗಾಯಕ್ಕೆ ತಾಗಿದರೂ, ಕತ್ತರಿಸುವಾಗ ಕಣ್ಣಿಗೆ ಹಾರಿದರೂ ಆಸ್ಪತ್ರೆಗೆ ಓಡುವ ಪ್ರಸಂಗ ಬರುತ್ತದೆ.

3. ಹೊಸ ಹವಳವಾದರೆ ಚೀಲವನ್ನು ಕಾಲು ಗಂಟೆ ತೇಲಲು ಬಿಟ್ಟು ಉಷ್ಣತೆ ಸರಿಹೊಂದಿಸಿ. ತೇಲಿಬಿಡುವುದು ಬಕೆಟ್ಟಿನಲ್ಲಿ, ಮುಖ್ಯ ಟ್ಯಾಂಕಿನಲ್ಲಲ್ಲ. ಚೀಲದ ನೀರು ನೇರ ಚರಂಡಿಗೆ.

4. ಅದು ಬಂದ ಬಿಲ್ಲೆಯಿಂದ ಹವಳವನ್ನು ಬಿಡಿಸಿ. ಎಲುಬು ಕತ್ತರಿಸುವ ಇಕ್ಕಳದಿಂದ ಬುಡದ ಸತ್ತ ಭಾಗವನ್ನು, ಜೊತೆಗೆ ಕೂದಲೆಳೆಯಷ್ಟು ಜೀವಂತ ಭಾಗವನ್ನೂ ಕತ್ತರಿಸಿ ಬಿಸಾಡಿ. ಚೆಂದದ ಬಿಲ್ಲೆಯೆಂದು ಉಳಿಸಿಕೊಳ್ಳಬೇಡಿ. ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ನಿಮಗೆ ಪುರುಸೊತ್ತಿದೆ ಎಂದಾದರೆ ಇದನ್ನು ಮಾಡಿ, ಔಷಧಿಯನ್ನು ಬೇಕಾದರೆ ಬಿಡಿ. ಮೊಟ್ಟೆಗಳಿರುವುದು ಇಲ್ಲೇ.

5. ಬಾಟಲಿಯ ಮೇಲಿನ ಪ್ರಮಾಣ, ಬಾಟಲಿಯ ಮೇಲಿನ ಸಮಯ. ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಡಿ. ಹವಳವನ್ನು ಸುಮ್ಮನೆ ಮುಳುಗಿಸಿ ಕೂರಬೇಡಿ. ಬೇಸ್ಟರಿನಿಂದ ಎಲ್ಲ ಬದಿಗೂ, ಸಂದುಗೊಂದಿಗೂ ಔಷಧಿ ನೀರನ್ನು ಊದುತ್ತಲೇ ಇರಿ. ಮಂಕು ಹಿಡಿದ ಹುಳು ಉದುರುವುದು ಈ ರಭಸಕ್ಕೆ.

6. ಎರಡು ಪಾತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಅಲುಗಾಡಿಸಿ ತೊಳೆಯಿರಿ. ಮೂರೂ ಪಾತ್ರೆಗಳ ತಳಕ್ಕೆ ಟಾರ್ಚು ಬಿಟ್ಟು ನೋಡಿ. ಏನು ಬಿದ್ದಿದೆ ಎಂಬುದರ ಮೇಲೆ ಮುಂದಿನ ಆರು ವಾರ ನಿಂತಿದೆ. ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

7. ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿ. ಮೊಟ್ಟೆ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಬ್ಲೇಡಿನಿಂದಲೋ ಕೆರೆದು ತೆಗೆಯಿರಿ. ಕೆರೆಯಲಾಗದ ಸಂದಿನಲ್ಲಿದ್ದರೆ ಅದರ ಮೇಲೆ ಸೂಪರ್ ಗ್ಲೂ ಜೆಲ್ ಮೆತ್ತಿಬಿಡಿ. ಮರಿ ಹೊರಬರದಂತೆ ಮೊಹರು ಬಿದ್ದ ಹಾಗೆ.

8. ಹೊಸ ಬಿಲ್ಲೆಗೆ ಅಂಟಿಸಿ, ಕ್ವಾರಂಟೈನ್ ಟ್ಯಾಂಕಿಗೆ ಬಿಡಿ. ಔಷಧಿ ನೀರಿನ ಒಂದು ಹನಿಯೂ ಮುಖ್ಯ ಟ್ಯಾಂಕಿಗೆ ಹೋಗಬಾರದು.

ಎಲ್ಲ ಡಿಪ್ಪುಗಳೂ ಒಂದೇ ಅಲ್ಲ. ಅಯೋಡಿನ್ ಮುಖ್ಯವಾಗಿ ನಂಜುನಿರೋಧಕ. ಕತ್ತರಿಸಿದ ಗಾಯಕ್ಕೆ ಒಳ್ಳೆಯದು, ಚಪ್ಪಟೆ ಹುಳುವಿನ ವಿರುದ್ಧ ಅದನ್ನೇ ನೆಚ್ಚಿಕೊಳ್ಳಬಾರದು. ಹುಳುವಿಗೆಂದೇ ತಯಾರಾದ, ಪೈನ್ ಎಣ್ಣೆಯಂಥ ಸಸ್ಯಮೂಲದ ಡಿಪ್ಪುಗಳಿವೆ. ಅಮೆರಿಕದ ಹವ್ಯಾಸಿಗಳಲ್ಲಿ ಹಲವರು ಇಮಿಡಾಕ್ಲೋಪ್ರಿಡ್, ಬೀಟಾ-ಸೈಫ್ಲುಥ್ರಿನ್ ಎರಡೂ ಇರುವ ತೋಟದ ಕೀಟನಾಶಕವನ್ನೇ ಡಿಪ್ ಮಾಡಿಕೊಂಡಿದ್ದಾರೆ. ಕೆಲಸ ಮಾಡುತ್ತದೆ, ನಿಜ. ಆದರೂ ನಾನು ಶಿಫಾರಸು ಮಾಡಲಾರೆ. ಸರಿಯಾಗಿ ತೊಳೆಯದೆ ಉಳಿದ ಅಂಶ ಸೀಗಡಿಗಳನ್ನು ಮುಗಿಸುತ್ತದೆ. ಇನ್ನೊಂದು ತೊಡಕು ಪ್ರಮಾಣದ್ದು: ಅಲ್ಲಿನ ಬಾಟಲಿಯಲ್ಲಿ ಇಮಿಡಾಕ್ಲೋಪ್ರಿಡ್ ಶೇ 1ಕ್ಕೂ ಕಡಿಮೆ, ನಮ್ಮ ಗೊಬ್ಬರದ ಅಂಗಡಿಗಳಲ್ಲಿ ಸಿಗುವುದು ಶೇ 17.8ರದ್ದು. ಅಲ್ಲಿಯ ಮಿಲಿಲೀಟರ್ ಲೆಕ್ಕವನ್ನು ಇಲ್ಲಿಗೆ ನಕಲು ಮಾಡಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಆರು ವಾರದ ಬಾಡಿಗೆ ಮನೆ

ಕ್ವಾರಂಟೈನ್ ಎಂದೊಡನೆ ಜನ ಹಿಂಜರಿಯುತ್ತಾರೆ, ಇನ್ನೊಂದು ರೀಫ್ ಕಟ್ಟಬೇಕೇನೋ ಎಂಬಂತೆ. ಬೇಕಿರುವುದು ನಲವತ್ತು ಲೀಟರಿನ ಬೋಳು ಗಾಜಿನ ಪೆಟ್ಟಿಗೆ, ಒಂದು ಹೀಟರ್, ನೀರು ಆಡಿಸಲು ಪುಟ್ಟ ಪಂಪು, ಹವಳಕ್ಕೆ ತಕ್ಕ ಲೈಟು, ಫ್ರ್ಯಾಗು ನಿಲ್ಲಿಸುವ ಪ್ಲಾಸ್ಟಿಕ್ ಜಾಲರಿ. ಕಲ್ಲು, ಮರಳು ಬೇಡ. ಅವಿದ್ದರೆ ಉದುರಿದ ಹುಳುವಿಗೆ ಅಡಗಲು ಜಾಗ ಮಾಡಿಕೊಟ್ಟಂತೆ. ವಾರಕ್ಕೊಮ್ಮೆ ಡಿಪ್ ಮಾಡುವ ದಿನವೇ ತಳ ಹೀರಿ ತೆಗೆದು, ಮುಖ್ಯ ಟ್ಯಾಂಕಿನ ನೀರಿನಿಂದ ಅರ್ಧ ನೀರು ಬದಲಿಸಿದರೆ ಫಿಲ್ಟರಿನ ಚಿಂತೆಯೂ ಇರುವುದಿಲ್ಲ. ನೀರು ಸದಾ ಮುಖ್ಯ ಟ್ಯಾಂಕಿನಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಂದೂ ಇಲ್ಲ. ಬಲೆ, ಇಕ್ಕಳ, ಬೇಸ್ಟರ್ ಎಲ್ಲವೂ ಪ್ರತ್ಯೇಕ.

ಸಣ್ಣ ಪೆಟ್ಟಿಗೆಯ ನಿಜವಾದ ಅಪಾಯ ಆವಿ. ಫ್ಯಾನಿನ ಕೆಳಗಿಟ್ಟ ನಲವತ್ತು ಲೀಟರಿನಿಂದ ದಿನಕ್ಕೆ ಒಂದು ಲೀಟರ್ ಆವಿಯಾದರೂ ಉಪ್ಪು ಹಾಗೇ ಉಳಿದು ಲವಣಾಂಶ ಏರುತ್ತದೆ. ಗಾಜಿನ ಮುಚ್ಚಳ ಹಾಕಿ, ಮೊದಲ ದಿನವೇ ನೀರಿನ ಮಟ್ಟಕ್ಕೊಂದು ಗೆರೆ ಎಳೆದು, ಗೆರೆ ಮುಟ್ಟುವಷ್ಟು ಆರ್‌ಒ ನೀರನ್ನು ದಿನಾ ಸೇರಿಸಿ. ಹುಳುವಿನಿಂದ ಉಳಿಸಲು ಹೋಗಿ ಉಪ್ಪಿನಿಂದ ಕೊಂದವರೂ ಇದ್ದಾರೆ.

ಕೊನೆಯ ಎರಡು ಡಿಪ್ಪುಗಳಲ್ಲಿ ಏನೂ ಉದುರದೆ, ಹೊಸ ಗುರುತೂ ಕಾಣದಿದ್ದರೆ ಮಾತ್ರ ದೊಡ್ಡ ಟ್ಯಾಂಕಿಗೆ. ಆ ಎರಡರಲ್ಲಿ ಒಂದೇ ಒಂದು ಹುಳು ಬಿದ್ದರೂ ಲೆಕ್ಕ ಮತ್ತೆ ಮೊದಲಿಂದ.

ಹುಳು ಆಗಲೇ ಒಳಗೆ ಬಂದಿದ್ದರೆ

ಇಲ್ಲಿ ಎರಡೇ ದಾರಿ. ಒಂದು, ಆ ಜಾತಿಯ ಹವಳವನ್ನೆಲ್ಲ ಹೊರತೆಗೆದು ಮೇಲಿನ ಕ್ರಮಕ್ಕೆ ಒಡ್ಡುವುದು. ಅಷ್ಟು ಕಾಲ ಮುಖ್ಯ ಟ್ಯಾಂಕಿನಲ್ಲಿ ಅದರ ಒಂದು ಚೂರೂ ಇರಬಾರದು. ಒಳಗೆ ಉಳಿದ ಮೊಟ್ಟೆ ಒಡೆದು ಬಂದ ಮರಿ ಆಹಾರವಿಲ್ಲದೆ ಸಾಯುತ್ತದೆ. ಆರರಿಂದ ಎಂಟು ವಾರ ಖಾಲಿ ಬಿಟ್ಟರೆ ಸಾಕು. ಬಂಡೆಗೆ ಹರಡಿ ಬೇರೂರಿದ ದೊಡ್ಡ ಹವಳವಾದರೆ ಕೊಂಬೆಗಳನ್ನು ಕತ್ತರಿಸಿ ಫ್ರ್ಯಾಗು ಮಾಡಿಕೊಂಡು, ಬಂಡೆಯ ಮೇಲೆ ಉಳಿದ ಜೀವಂತ ಬುಡವನ್ನು ಪೂರ್ತಿ ಅಂಟಿನಿಂದ ಮುಚ್ಚಬೇಕಾಗುತ್ತದೆ. ವರ್ಷಗಟ್ಟಲೆ ಬೆಳೆಸಿದ್ದನ್ನು ಕತ್ತರಿಸುವುದು ಯಾರಿಗೂ ಇಷ್ಟವಲ್ಲ. ಆದರೆ ಹುಳು ಒಂದು ಕೊಂಬೆಯನ್ನೂ ಬಿಡುವುದಿಲ್ಲ.

ಎರಡನೆಯದು, ಹುಳುವಿನ ಜೊತೆಗೇ ಬಾಳುವುದು. ಸಿಕ್ಸ್‌ಲೈನ್ ರ‍್ಯಾಸ್, ಹಳದಿ ಕೋರಿಸ್ ರ‍್ಯಾಸ್‌ನಂಥ ಮೀನುಗಳು ದಿನವಿಡೀ ಕೊಂಬೆಗಳ ನಡುವೆ ಹೆಕ್ಕುತ್ತವೆ. ಬೆಳಿಗ್ಗೆ ಬೇಸ್ಟರಿನಿಂದ ಹವಳಗಳ ಮೇಲೆ ಊದಿದರೆ ಉದುರಿದ್ದನ್ನು ನೀರಿನಲ್ಲೇ ಹಿಡಿಯುತ್ತವೆ. ಸಂಖ್ಯೆ ಹತೋಟಿಯಲ್ಲಿರುತ್ತದೆ, ಬೇರು ಹೋಗುವುದಿಲ್ಲ. ಇಂಥ ಟ್ಯಾಂಕಿನಿಂದ ಯಾರಿಗೂ ಫ್ರ್ಯಾಗು ಕೊಡದಿರುವುದು ಕನಿಷ್ಠ ಮರ್ಯಾದೆ.

ಐಪ್ಟೇಸಿಯಾ ಎಂಬ ಬೇರೆ ಕಥೆ

ಕಂದುಬಣ್ಣದ, ತಾಳೆಮರದ ಆಕಾರದ ಈ ಪುಟ್ಟ ಅನಿಮೋನ್ ಹವಳವನ್ನು ತಿನ್ನುವುದಿಲ್ಲ, ಕುಟುಕುತ್ತದೆ. ಕಂಡೊಡನೆ ಉಗುರಿನಲ್ಲಿ ಕಿತ್ತು ಹಾಕುವ ಮನಸ್ಸಾಗುತ್ತದೆ. ಬೇಡ. ಇದರ ಪಾದದ ಒಂದು ಚೂರು ಬಂಡೆಗೆ ಅಂಟಿ ಉಳಿದರೆ ಅದರಿಂದಲೇ ಪೂರ್ತಿ ಅನಿಮೋನ್ ಬೆಳೆಯುತ್ತದೆ. ಒಂದನ್ನು ಕಿತ್ತ ಕಡೆ ತಿಂಗಳೊಪ್ಪತ್ತಿನಲ್ಲಿ ಐದಾರು ಇರುತ್ತವೆ.

ಬೆರಳೆಣಿಕೆಯಷ್ಟಿದ್ದರೆ ಸುಣ್ಣ ಸಾಕು. ಅಕ್ವೇರಿಯಂ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಆರ್‌ಒ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸಿರಿಂಜಿನಲ್ಲಿ ತುಂಬಿ. ಪಂಪುಗಳನ್ನೆಲ್ಲ ಆರಿಸಿ, ಸೂಜಿಯನ್ನು ಅದಕ್ಕೆ ತಾಗಿಸದೆ ಬಾಯಿಯ ಮೇಲೆ ಮೆಲ್ಲಗೆ ಬಿಡಿ. ತಾಗಿದರೆ ಬಿಲದೊಳಕ್ಕೆ ಎಳೆದುಕೊಳ್ಳುತ್ತದೆ. ಕಾಲು ಗಂಟೆ ಬಿಟ್ಟು ಪಂಪು ಹಾಕಿ. ಸುಣ್ಣ ನೀರಿನ ಪಿಎಚ್ ಏರಿಸುವುದರಿಂದ ದಿನಕ್ಕೆ ಮೂರುನಾಲ್ಕಕ್ಕಿಂತ ಹೆಚ್ಚು ಬೇಡ.

ಟ್ಯಾಂಕು ತುಂಬ ಹರಡಿದ್ದರೆ ಬರ್ಗಿಯಾ ಎಂಬ ನ್ಯೂಡಿಬ್ರಾಂಕ್ ತರಬಹುದು. ಅದು ತಿನ್ನುವುದು ಐಪ್ಟೇಸಿಯಾವನ್ನು ಮಾತ್ರ. ತೊಡಕೆಂದರೆ, ಚಪ್ಪಟೆ ಹುಳುವಿಗೆಂದು ತಂದ ರ‍್ಯಾಸ್ ಮೀನು ಮತ್ತು ಇದೇ ಐಪ್ಟೇಸಿಯಾಕ್ಕೆಂದು ಜನ ಸಾಕುವ ಪೆಪರ್‌ಮಿಂಟ್ ಸೀಗಡಿ ಎರಡೂ ಬರ್ಗಿಯಾವನ್ನು ತಿಂದುಬಿಡುತ್ತವೆ. ಯಾರನ್ನು ನೆಚ್ಚಿಕೊಳ್ಳುವಿರಿ ಎಂದು ಮೊದಲೇ ನಿರ್ಧರಿಸಿ.

ಜನ ಎಡವುವ ಕಡೆ

ಓಡಾಡುವುದನ್ನೆಲ್ಲ ಪೀಡೆ ಎಂದುಕೊಳ್ಳುವುದು. ರಾತ್ರಿ ಟಾರ್ಚು ಬಿಟ್ಟಾಗ ಕಾಣುವ ಬಿರುಗೂದಲಿನ ಹುಳುಗಳಲ್ಲಿ ಬಹುಪಾಲು ಉಳಿದ ಆಹಾರ, ಸತ್ತದ್ದನ್ನು ತಿಂದು ಸ್ವಚ್ಛ ಮಾಡುವವು. ಸತ್ತ ಹವಳದ ಮೇಲೆ ಅವು ಮುತ್ತಿದ್ದನ್ನು ಕಂಡು ಅವೇ ಕೊಂದವು ಎನ್ನುತ್ತಾರೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೂದಲು ಚುಚ್ಚುತ್ತದೆ.

ಮೀನಿನ ಔಷಧಿಯನ್ನು ಹವಳದ ಟ್ಯಾಂಕಿಗೆ ಹಾಕುವುದು. ತಾಮ್ರ ಬೆರೆತ ಔಷಧಿ ಮೀನಿನ ರೋಗಕ್ಕೆ ಒಳ್ಳೆಯದೇ, ಹವಳ, ಸೀಗಡಿ, ಬಸವನಹುಳುವಿಗೆ ವಿಷ.

ಕೆಂಪು ಪ್ಲನೇರಿಯಾ ಎನ್ನುವ ತುಕ್ಕುಬಣ್ಣದ ಚಪ್ಪಟೆ ಹುಳುಗಳನ್ನು ಒಮ್ಮೆಗೇ ಕೊಲ್ಲುವುದು. ಇವು ಹವಳದ ಚರ್ಮ ತಿನ್ನುವುದಿಲ್ಲ, ಮೇಲೆ ಹಾಸಿಕೊಂಡು ಬೆಳಕು ತಡೆಯುತ್ತವೆ. ಸಾವಿರಗಟ್ಟಲೆ ಒಟ್ಟಿಗೆ ಸತ್ತಾಗ ಹೊರಬರುವ ವಿಷಕ್ಕೆ ಮೀನುಗಳು ತೇಲುತ್ತವೆ. ಮೊದಲು ಹಲವು ದಿನ ಪೈಪಿನಿಂದ ಹೀರಿ ಸಂಖ್ಯೆ ಇಳಿಸಿ, ಆಮೇಲೆ ಔಷಧಿ. ವಿಷ ಹೀರುವ ಹೊಸ ಕಾರ್ಬನ್ನೂ ಬದಲಿಸಲು ನೀರೂ ಕೈಯಳತೆಯಲ್ಲಿರಲಿ.

ಪೀಡೆ ಹತ್ತಿದ ಕಲ್ಲನ್ನು ಒಲೆಯ ಮೇಲೆ ಕುದಿಸುವುದು. ಎಂದೂ ಬೇಡ. ಝೋವಾಂಥಿಡ್ ಅಂಟಿದ ಕಲ್ಲಾದರೆ ಪ್ಯಾಲಿಟಾಕ್ಸಿನ್ ಆವಿಯೊಡನೆ ಸೇರಿ ಮನೆಮಂದಿಯೆಲ್ಲ ಹಾಸಿಗೆ ಹಿಡಿದ ಉದಾಹರಣೆಗಳು ವಿದೇಶಗಳಲ್ಲಿ ವರದಿಯಾಗಿವೆ.

ಪೀಡೆಯಿಲ್ಲದ ಹವಳ ಬೇಕೆಂದು ಸಮುದ್ರಕ್ಕೇ ಕೈ ಹಾಕುವುದು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋದವರಿಗೆ ಈ ಆಸೆ ಹುಟ್ಟಬಹುದು. ನಮ್ಮ ಕಡಲಿನ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಒಂದು ತುಣುಕು ತಂದರೂ ಅಪರಾಧ. ಹೊರದೇಶದಿಂದ ಬರುವ ಗಟ್ಟಿ ಹವಳಕ್ಕೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪರವಾನಗಿ ಬೇಕು, ಮಾರುವವರಿಂದ ಆ ಕಾಗದ ಕೇಳಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವವರು ಟ್ಯಾಂಕು ಮುಚ್ಚಿ ಊರಿಗೆ ಮರಳುವಾಗ ಒಣಗಿದ ಅಸ್ಥಿಪಂಜರವನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವ ಮುನ್ನವೂ ಅದೇ ನಿಯಮ ನೆನಪಿರಲಿ.

ಹುಳು ಹೋದ ಮೇಲೆ

ತಿಂದ ಗುರುತು ತಾನಾಗಿ ಮುಚ್ಚುತ್ತದೆ. ಗಾಯದ ಅಂಚಿನ ಚರ್ಮ ಒಳಮುಖವಾಗಿ ಹರಿದು ಬಿಳಿ ಅಸ್ಥಿಯನ್ನು ಹೊದೆಯುತ್ತದೆ. ಮೊದಲ ಎರಡು ವಾರ ಲೈಟು ತುಸು ತಗ್ಗಿಸಿ, ಕ್ಷಾರೀಯತೆಯನ್ನು ಅಲುಗಾಡಿಸದೆ ಒಂದೇ ಅಂಕಿಯಲ್ಲಿ ಹಿಡಿದಿಡಿ. ಬಿಳಿ ಜಾಗದ ಮೇಲೆ ಹಸಿರು ಪಾಚಿ ಕೂತುಬಿಟ್ಟರೆ ಚರ್ಮ ಅದನ್ನು ದಾಟುವುದು ಕಷ್ಟ. ಹಾಗಾದಾಗ ಪಾಚಿ ಕಟ್ಟಿದ ಭಾಗದಿಂದ ಒಂದು ಸೆಂಟಿಮೀಟರ್ ಮೇಲೆ, ಪೂರ್ತಿ ಜೀವವಿರುವ ಕಡೆ ಕತ್ತರಿಸಿ ಹೊಸ ಬಿಲ್ಲೆಗೆ ಅಂಟಿಸಿ. ತುದಿಯ ಬಣ್ಣ ಮರಳಲು ತಿಂಗಳುಗಳೇ ಬೇಕಾದೀತು. ಬುಡದ ಚರ್ಮ ಬಿಲ್ಲೆಯ ಮೇಲೆ ಹರಡತೊಡಗಿದರೆ ಹವಳ ಚೇತರಿಸಿಕೊಂಡಿದೆ ಎಂದೇ ಲೆಕ್ಕ.